ಹಲ್ಲು ಕೀಳುವ ಮುಂಚೆ ಒಂದು ಚೀಟಿ ಕೊಡಲಿ

ಮಾನ್ಯ ಸಂಪಾದಕರೇ,

ಯುಗಾದಿಗೆ ಬಟ್ಟೆ ಅಂಗಡಿಯವರು ರಿಯಾಯಿತಿ ಕೊಡುವುದು ಗೊತ್ತು. ಫ್ರಿಜ್ಜಿಗೂ ಸ್ಕೂಟರಿಗೂ ಕೊಡುತ್ತಾರೆ. ಈ ಸಲ ಜಿಲ್ಲಾ ಪುಟದಲ್ಲಿ ಹಲ್ಲಿಗೂ ಹಬ್ಬದ ಆಫರ್ ನೋಡಿದೆ. ಹಾಳಾದ ಹಲ್ಲು ತೆಗೆಸಿ, ಇಂಪ್ಲಾಂಟ್ ಹಾಕಿಸಿಕೊಳ್ಳಿ, ಈ ದರ ಹಬ್ಬದವರೆಗೆ ಮಾತ್ರ ಅಂತ ಅರ್ಧ ಪುಟ. ಇಂಪ್ಲಾಂಟ್ ಅಂದರೆ ದವಡೆಯ ಮೂಳೆಗೆ ಟೈಟಾನಿಯಂ ಸ್ಕ್ರೂ ಕೂರಿಸಿ ಅದರ ಮೇಲೆ ಹಾಕುವ ಕೃತಕ ಹಲ್ಲು. ಕೆಳಗೆ ನಗುವ ಅಜ್ಜ, ಅಜ್ಜಿ. ಅಜ್ಜನ ಹಲ್ಲು ನನ್ನ ಮೊಮ್ಮಗನ ಹಲ್ಲಿಗಿಂತ ಬೆಳ್ಳಗಿದೆ. ಕಾಫಿ ತಂದಿಟ್ಟ ನಮ್ಮ ಮನೆಯವಳು ಅದನ್ನು ನೋಡಿ, "ರೀ, ನಿಮ್ಮ ಹಲ್ಲಿನ ಕತೆ ಪೇಪರಿನವರಿಗೆ ಬರೀರಿ. ನನ್ನದೂ ಬರೀರಿ, ಬಿಡಬೇಡಿ" ಅಂದಳು. ಅವಳದನ್ನೂ ಬರೆಯಬೇಕು ಅಂದಾಗ ನನಗೆ ಸ್ವಲ್ಪ ಮುಜುಗರವಾಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನು ಕೆಎಸ್‌ಆರ್‌ಟಿಸಿಯಲ್ಲಿ 34 ವರ್ಷ ನಿರ್ವಾಹಕನಾಗಿದ್ದವನು. ತುಮಕೂರಿನಿಂದ ಮಧುಗಿರಿ ಮೇಲೆ ಪಾವಗಡ, ತುಮಕೂರಿನಿಂದ ಶಿರಾ, ತಿಪಟೂರು, ಎಲ್ಲ ಲೈನೂ ತಿರುಗಿದ್ದೇನೆ. 2022ರಲ್ಲಿ ನಿವೃತ್ತಿ. ಈಗ ಕ್ಯಾತ್ಸಂದ್ರದಲ್ಲಿ ಮಗನ ಮನೆ.

ಕಳೆದ ವರ್ಷ ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಗೆ ಹೋಗಿದ್ದೆವು. ದನದ ಜಾತ್ರೆ ಒಂದು ಸುತ್ತು ನೋಡಿ, ಮೊಮ್ಮಗನಿಗೆ ಬತ್ತಾಸು, ನನಗೆ ಖಾರದ ಕಡ್ಲೆಪುರಿ ಕಟ್ಟಿಸಿಕೊಂಡೆ. ನಡೆದುಕೊಂಡು ವಾಪಸ್ ಬರುವಾಗ ಬಾಯಲ್ಲಿ ಟಕ್ ಅಂತು. ಕಲ್ಲು ಸಿಕ್ಕಿತು ಅಂತ ಅಂಗೈಗೆ ಉಗಿದು ನೋಡಿದರೆ ಕಲ್ಲು ಒಂದಲ್ಲ, ಎರಡು. ಒಂದು ನಿಜವಾದ ಕಲ್ಲು. ಇನ್ನೊಂದು ನನ್ನದೇ ಹಲ್ಲಿನ ಚೂರು. ಬಲಗಡೆ ಕೆಳಗಿನ ದವಡೆ ಹಲ್ಲು. ಅದರಲ್ಲಿ ಹಳೇ ಸಿಲ್ವರ್ ಫಿಲ್ಲಿಂಗ್ ಇತ್ತು. ಎರಡು ವರ್ಷದಿಂದ ಅದರ ಅಂಚಿನಲ್ಲಿ ಸೊಪ್ಪಿನ ನಾರು ಸಿಕ್ಕಿಕೊಳ್ಳುತ್ತಿತ್ತು, ಕಡ್ಡಿ ಹಾಕಿ ತೆಗೆದು ಸುಮ್ನೆ ಇದ್ದೆ. ತಪ್ಪು ಕಲ್ಲಿನದು ಅಷ್ಟೇ ಅಲ್ಲ.

ಎರಡು ದಿನ ಲವಂಗ ಕಚ್ಚಿಕೊಂಡು ಕಳೆದೆ. ಮೂರನೇ ದಿನ ಬಿಸಿ ಕಾಫಿ ಕುಡಿದರೆ ನೋವು ಕಿವಿವರೆಗೂ ಹೋಗಿ, ಐದು ನಿಮಿಷ ಅಲ್ಲೇ ಕೂತಿರುತ್ತಿತ್ತು. ಊರಿನ ಒಂದು ದೊಡ್ಡ ಕ್ಲಿನಿಕ್ಕಿಗೆ ಹೋದೆ. ಹೆಸರು ಬೇಡ. ಎಸಿ, ಟಿವಿ, ಮೀನಿನ ತೊಟ್ಟಿ ಎಲ್ಲ ಇದೆ. ಎಕ್ಸ್-ರೇ ತೆಗೆದರು. ಒಬ್ಬ ಹುಡುಗ ಡಾಕ್ಟರು ಕಂಪ್ಯೂಟರ್ ನೋಡಿ, "ಅಂಕಲ್, ಹಲ್ಲು ಅರ್ಧ ಹೋಗಿದೆ. ತೆಗೆದು ಇಂಪ್ಲಾಂಟ್ ಹಾಕಿಬಿಡೋಣ" ಅಂದರು.

"ಉಳಿಸೋಕೆ ಆಗಲ್ವಾ?"

"ಉಳಿಸಿದ್ರೂ ಎಷ್ಟು ದಿನ ಅಂಕಲ್?"

ಅಷ್ಟೇ ಮಾತು. ಉಳಿದದ್ದನ್ನೆಲ್ಲ ಹೊರಗೆ ಮೇಜಿನ ಹತ್ತಿರ ಕೂತಿದ್ದ ಹುಡುಗಿ ಹೇಳಿದಳು. 35,000 ರೂಪಾಯಿ. ಇವತ್ತೇ ಅಡ್ವಾನ್ಸ್ ಕಟ್ಟಿದರೆ 28,000. ಕಂತಿನ ಸೌಲಭ್ಯವೂ ಇದೆ. ಹಲ್ಲು ತೆಗೆಯುವುದು ಇವತ್ತೇ, "ಯಾಕೆ ಸುಮ್ನೆ ನೋವು ಅನುಭವಿಸ್ತೀರಾ?" ನೋವಿನಲ್ಲಿ ಇರುವವನಿಗೆ ಈ ಮಾತು ಅಮೃತದ ಹಾಗೆ ಕೇಳಿಸುತ್ತದೆ. ನಾನು ಜೇಬಿಗೆ ಕೈ ಹಾಕಿಯೂ ಆಗಿತ್ತು. ಜೊತೆಗಿದ್ದ ಮನೆಯವಳು ನನ್ನ ಮೊಣಕೈ ಹಿಡಿದು, "ನಾಳೆ ಬರ್ತೀವಮ್ಮ" ಅಂದಳು. ಎಕ್ಸ್-ರೇ ಕೊಡಿ ಅಂದರೆ ಕಂಪ್ಯೂಟರಿನಲ್ಲಿದೆ ಅಂದರು. ಬರೆದು ಕೊಡಿ ಅಂದರೆ ಅಡ್ವಾನ್ಸ್ ಕಟ್ಟಿದ ಮೇಲೆ ಫೈಲ್ ಮಾಡ್ತೀವಿ ಅಂದರು. ಮೊಬೈಲಿನಲ್ಲಿ ಪರದೆಯ ಫೋಟೋ ಹೊಡೆದುಕೊಂಡು ಬಂದೆ.

ಐದು ರೂಪಾಯಿ ಕೊಟ್ಟವನಿಗೂ ಟಿಕೆಟ್ ಹರಿದು ಕೊಟ್ಟವನು ಸ್ವಾಮಿ ನಾನು. ಕೊಡದಿದ್ದರೆ ಮುಂದಿನ ಸ್ಟೇಜಿನಲ್ಲಿ ಚೆಕಿಂಗ್‌ನವರು ಹತ್ತಿದರೆ ನನ್ನ ಕೆಲಸ ಹೋಗುತ್ತಿತ್ತು. ಎಲ್ಲಿಂದ ಎಲ್ಲಿಗೆ, ಎಷ್ಟು ದುಡ್ಡು, ಎಲ್ಲ ಆ ಚೀಟಿಯಲ್ಲಿ ಇರುತ್ತಿತ್ತು. ಒಂದು ಅಂಗವನ್ನೇ ಕಿತ್ತು ತೆಗೆಯುವವರು ಯಾಕೆ ಕೀಳುತ್ತೇವೆ ಅಂತ ಒಂದು ಸಾಲು ಬರೆದು ಕೊಡುವುದಿಲ್ಲ ಅಂದರೆ ಹೇಗೆ?

ಮರುದಿನ ಇನ್ನೊಬ್ಬರ ಹತ್ತಿರ ಹೋದೆ. ಈ ಡಾಕ್ಟರಮ್ಮ ಹಲ್ಲು ಉಳಿಸುವ ವಿಷಯದಲ್ಲೇ ಎಂಡಿಎಸ್, ಅಂದರೆ ಹಲ್ಲಿನ ಡಾಕ್ಟರ ಮೇಲಿನ ಓದು, ಮಾಡಿದವರು. ಆ ಓದಿನ ಹೆಸರೇ ಕನ್ಸರ್ವೇಟಿವ್ ಡೆಂಟಿಸ್ಟ್ರಿ ಅಂಡ್ ಎಂಡೋಡಾಂಟಿಕ್ಸ್. ಇದೇ ಕೆಲಸಕ್ಕೆ ಬೇರೆ ತಜ್ಞರು ಇರುತ್ತಾರೆ ಅಂತ 63 ವರ್ಷವಾದರೂ ನನಗೆ ಗೊತ್ತಿರಲಿಲ್ಲ. ಹಲ್ಲಿನ ಡಾಕ್ಟರು ಅಂದರೆ ಎಲ್ಲ ಒಂದೇ ಅಂದುಕೊಂಡಿದ್ದೆ.

ಅವರು ನೋಡಿದ ರೀತಿ ಹೇಳುತ್ತೇನೆ, ಯಾಕೆಂದರೆ ಓದುವವರಿಗೆ ಉಪಯೋಗಕ್ಕೆ ಬರಬಹುದು. ಮೊದಲು ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲನ್ನು ಮೆಲ್ಲಗೆ ಕುಟ್ಟಿದರು. ಆಮೇಲೆ ಹತ್ತಿಯ ಉಂಡೆಗೆ ತಣ್ಣನೆಯದೇನೋ ಸ್ಪ್ರೇ ಮಾಡಿ ಹಲ್ಲಿಗೆ ಮುಟ್ಟಿಸಿ, ನೋವು ಎಷ್ಟು ಹೊತ್ತು ಉಳಿಯುತ್ತದೆ ಅಂತ ಎಣಿಸಿದರು. ಒಂದು ಸಣ್ಣ ಪ್ಲಾಸ್ಟಿಕ್ ತುಂಡು ಕೊಟ್ಟು ಹಲ್ಲಿನ ಒಂದೊಂದೇ ಮೂಲೆಯಲ್ಲಿ ಕಚ್ಚಿಸಿದರು. ಕೊನೆಗೆ ಗೆರೆ ಹಾಕಿದ ತೆಳ್ಳನೆ ಕಡ್ಡಿಯಿಂದ ಹಲ್ಲಿನ ಸುತ್ತ ವಸಡಿನಲ್ಲಿ ಅಳತೆ ತೆಗೆದರು. "ಯಜಮಾನ್ರೆ, ಸುತ್ತ ಎಲ್ಲ ಸರಿ ಇದ್ದು ಒಂದೇ ಕಡೆ ಈ ಕಡ್ಡಿ ಆಳಕ್ಕೆ ಇಳಿದರೆ ಬೇರು ಸೀಳಿರಬಹುದು ಅಂತ ಅನುಮಾನ. ನಿಮ್ಮದು ಎಲ್ಲೂ ಇಳಿದಿಲ್ಲ" ಅಂದರು. ಬೇರು ಉದ್ದಕ್ಕೆ ಸೀಳಿದ್ದರೆ ಉಳಿಸುವ ಮಾತೇ ಇಲ್ಲವಂತೆ. ಎಕ್ಸ್-ರೇನಲ್ಲಿ ಆ ಸೀಳು ಎಷ್ಟೋ ಸಲ ಕಾಣುವುದೂ ಇಲ್ಲವಂತೆ. ಹಾಗಾದರೆ ಹಿಂದಿನ ದಿನದವರು ಪರದೆ ನೋಡಿ ಹೇಗೆ ತೀರ್ಮಾನ ಮಾಡಿದರು? ಕೇಳಲಿಲ್ಲ. ಡಾಕ್ಟರಮ್ಮನೂ ಅವರ ಬಗ್ಗೆ ಒಂದು ಮಾತು ಆಡಲಿಲ್ಲ.

ಇನ್ನೊಂದು ಲೆಕ್ಕ ಹೇಳಿದರು. ವಸಡಿನ ಮೇಲೆ ಸುತ್ತಲೂ ಸುಮಾರು 2 ಮಿಲಿಮೀಟರ್ ಗಟ್ಟಿ ಹಲ್ಲು ಉಳಿದಿದ್ದರೆ ಮೇಲೆ ಹಾಕುವ ಕ್ಯಾಪು ಅದನ್ನು ಉಂಗುರದ ಹಾಗೆ ಹಿಡಿದುಕೊಳ್ಳುತ್ತದೆ. ಅಷ್ಟು ಇಲ್ಲದಿದ್ದರೆ ಕ್ಯಾಪು ಹಾಕಿದರೂ ಮುರಿಯುವ ಭಯ. ನನ್ನದು ನಾಲಿಗೆ ಕಡೆ ಮುರಿದಿತ್ತು, ಉಳಿದ ಕಡೆ ಗಟ್ಟಿ ಇತ್ತು. ಬೇರಿನೊಳಗಿನ ನರ ತೆಗೆದು, ತೊಳೆದು ತುಂಬುವ ರೂಟ್ ಕೆನಾಲ್‌ಗೆ 4,500, ಕ್ಯಾಪಿಗೆ 5,000. ಒಟ್ಟು 9,500 ರೂಪಾಯಿ ಅಂತ ಲೆಟರ್‌ಹೆಡ್ಡಿನಲ್ಲಿ ಬರೆದೇ ಕೊಟ್ಟರು. ಗ್ಯಾರಂಟಿ ಕೇಳಿದೆ. ನಕ್ಕರು. "ಮಿಕ್ಸಿಗೆ ಕೊಡ್ತಾರೆ ಗ್ಯಾರಂಟಿ. ಹಲ್ಲಿಗೆ ನಾನು ಕೊಡಲ್ಲ. ಚೆನ್ನಾಗಿ ಮಾಡಿ, ಚೆನ್ನಾಗಿ ನೋಡಿಕೊಂಡರೆ ತುಂಬಾ ವರ್ಷ ಬರತ್ತೆ. ಬರದೇ ಹೋದರೆ ಇಂಪ್ಲಾಂಟ್ ಎಲ್ಲಿಗೂ ಓಡಿಹೋಗಲ್ಲ" ಅಂದರು.

ಈ ಕೊನೆಯ ಮಾತಿಗೋಸ್ಕರವೇ ಈ ಪತ್ರ ಬರೆಯುತ್ತಿದ್ದೇನೆ. ಉಳಿಸಿಕೊಂಡ ಹಲ್ಲನ್ನು ನಾಳೆ ಬೇಕಾದರೂ ಕೀಳಿಸಬಹುದು. ಕಿತ್ತ ಹಲ್ಲನ್ನು ನಾಳೆ ಉಳಿಸೋಕೆ ಆಗುತ್ತಾ?

ಮೂರು ಸಲ ಹೋಗಿ ಬಂದೆ. ರೂಟ್ ಕೆನಾಲ್ ಅಂದರೆ ನಮ್ಮ ಕಡೆ ಹೆರಿಗೆಗಿಂತ ಜಾಸ್ತಿ ಹೆದರಿಸುತ್ತಾರೆ. ನನಗೆ ಆದದ್ದು ಸೂಜಿ ಚುಚ್ಚಿದ ನೋವು ಮಾತ್ರ. ಹಲ್ಲಿಗೆ ಒಂದು ರಬ್ಬರಿನ ಹಾಳೆ ತೊಡಿಸಿದರು, ಎಂಜಲು ಒಳಗೆ ಹೋಗದ ಹಾಗೆ. ನಮ್ಮ ಡಿಪೋದಲ್ಲಿ ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ಬರುತ್ತಿದ್ದ ವಾಸನೆ ಬಂತು. ಬೇರಿನ ನಾಳ ತೊಳೆಯುವ ನೀರಿನ ವಾಸನೆ ಅದು, ಹೆಚ್ಚುಕಡಿಮೆ ಅದೇ ಜಾತಿಯ ಔಷಧಿಯಂತೆ. ಕೂದಲಿನಂಥ ತಂತಿ ಬೇರಿನ ತುದಿ ಹತ್ತಿರ ಹೋದ ಹಾಗೆ ಪಕ್ಕದಲ್ಲಿದ್ದ ಮೆಷಿನ್ ಕೀಂ ಕೀಂ ಅಂತಿತ್ತು. ನನಗೆ ನನ್ನ ಟಿಕೆಟ್ ಮೆಷಿನ್ ನೆನಪಾಗಿ ಆ ಪರಿಸ್ಥಿತಿಯಲ್ಲೂ ನಗು ಬಂತು. ನನ್ನ ಹಲ್ಲಿನ ಎರಡು ಬೇರಿನಲ್ಲಿ ನಾಲ್ಕು ನಾಳ ಇದ್ದವು. ಒಂದನ್ನು ಬಿಟ್ಟರೂ ಮತ್ತೆ ಕೀವು ಆಗಬಹುದು ಅಂತ ನಾಲ್ಕನೆಯದನ್ನು ಅರ್ಧ ಗಂಟೆ ಹುಡುಕಿದರು. ಕೊನೆಗೆ ಗುಲಾಬಿ ಬಣ್ಣದ ಕಡ್ಡಿಗಳನ್ನು ತುಂಬಿ ಮುಚ್ಚಿದರು. ಗಟ್ಟಾ ಪರ್ಚಾ ಅಂತಾರೆ, ಒಂದು ಮರದ ಹಾಲಿನಿಂದ ಬರುವ ವಸ್ತು.

ಈಗ ಮನೆಯವಳ ಕತೆ. ಇದನ್ನು ಬರೆಯೋಕೆ ಕೈ ಬರುವುದಿಲ್ಲ, ಆದರೂ ಬರೆಯದಿದ್ದರೆ ಪತ್ರ ಸುಳ್ಳಾಗುತ್ತದೆ.

ಅವಳಿಗೆ 2011ರಲ್ಲಿ ಮೇಲಿನ ಸಾಲಿನ ಎಡಗಡೆ ಹಲ್ಲಿಗೆ ರೂಟ್ ಕೆನಾಲ್ ಆಗಿತ್ತು. ಕ್ಯಾಪು ಹಾಕಿಸಿ, ಇಲ್ಲದಿದ್ದರೆ ಹಲ್ಲು ಸೀಳಬಹುದು ಅಂತ ಅವತ್ತಿನ ಡಾಕ್ಟರು ಹೇಳಿದ್ದರು. ಕ್ಯಾಪಿಗೆ 2,500 ರೂಪಾಯಿ. ಆ ತಿಂಗಳು ಮಗಳ ಕಾಲೇಜು ಫೀಸು ಇತ್ತು. "ನೋವು ಹೋಯ್ತಲ್ಲ, ಕ್ಯಾಪು ಯಾಕೆ? ಒಳಗಿನ ಹಲ್ಲು ಯಾರಿಗೆ ಕಾಣತ್ತೆ?" ಅಂದವನು ನಾನೇ. ಅವಳು ಏನೂ ಅನ್ನಲಿಲ್ಲ. ಹನ್ನೊಂದು ವರ್ಷ ಅದೇ ಹಲ್ಲಿನಲ್ಲಿ ಅವರೆಕಾಳು, ಕಡ್ಲೆಕಾಯಿ ಎಲ್ಲ ಅಗಿದಳು. ನಾನು ನಿವೃತ್ತನಾದ ವರ್ಷ ಅದು ಮಧ್ಯಕ್ಕೆ ಸೀಳಿತು, ಬೇರಿನವರೆಗೂ. ಆ ತೆಳ್ಳನೆ ಕಡ್ಡಿ ಅವಳ ವಸಡಿನಲ್ಲಿ ಒಂದೇ ಕಡೆ ಪೂರ್ತಿ ಇಳಿದಿತ್ತಂತೆ. ಉಳಿಸುವ ದಾರಿ ಇರಲಿಲ್ಲ.

ಅವಳಿಗೆ ಮೂರು ದಾರಿ ಹೇಳಿದ್ದರು. ತೆಗೆದು ಹಾಕುವ ಹಲ್ಲು. ಅಕ್ಕಪಕ್ಕದ ಎರಡು ಹಲ್ಲು ಉಜ್ಜಿ ಮೂರಕ್ಕೂ ಸೇರಿಸಿ ಬ್ರಿಡ್ಜು. ಇಲ್ಲಾ ಇಂಪ್ಲಾಂಟ್. ಅಕ್ಕಪಕ್ಕದ ಹಲ್ಲು ಒಂದು ಚೂರೂ ಹಾಳಾಗಿರಲಿಲ್ಲ. ಚೆನ್ನಾಗಿರುವ ಎರಡು ಹಲ್ಲನ್ನು ಉಜ್ಜಿಸೋಕೆ ಅವಳಿಗೆ ಮನಸ್ಸಾಗಲಿಲ್ಲ. ಇಂಪ್ಲಾಂಟ್ ಅಂತ ಅವಳೇ ತೀರ್ಮಾನ ಮಾಡಿದಳು. ಅವಳಿಗೆ ಅದು ಸರಿಯಾದ ತೀರ್ಮಾನವೇ ಆಗಿತ್ತು. ಹಾಗಾಗಿ ನಾನು ಇಂಪ್ಲಾಂಟಿನ ವಿರೋಧಿ ಅಂತ ಯಾರೂ ತಿಳಿಯಬೇಡಿ. ಹೋದ ಹಲ್ಲಿಗೆ ಇಷ್ಟು ಒಳ್ಳೆಯ ಬದಲಿ ಹಿಂದೆ ಇರಲಿಲ್ಲ. ಸ್ವೀಡನ್ನಿನ ಬ್ರೋನೆಮಾರ್ಕ್ ಅನ್ನುವ ಡಾಕ್ಟರು ಮೊಲದ ಮೂಳೆಯೊಳಗೆ ಟೈಟಾನಿಯಂ ಇಟ್ಟು ಬೇರೇನೋ ನೋಡುತ್ತಿದ್ದರಂತೆ. ಆಮೇಲೆ ತೆಗೆಯೋಕೆ ಹೋದರೆ ಅದು ಮೂಳೆಗೆ ಕಚ್ಚಿಕೊಂಡು ಬರಲೇ ಇಲ್ಲ. ಅದರಿಂದ ಹುಟ್ಟಿದ್ದು ಈ ವಿದ್ಯೆ. 1965ರಲ್ಲಿ ಮೊದಲು ಮನುಷ್ಯನ ಬಾಯಿಗೆ ಹಾಕಿದರು.

ಆದರೆ ಜಾಹೀರಾತಿನ ಅಜ್ಜಿ ಹಾಗೆ ಬೆಳಿಗ್ಗೆ ಹೋಗಿ ಸಂಜೆ ನಕ್ಕುಕೊಂಡು ಬರುವ ಕೆಲಸ ಅವಳಿಗೆ ಆಗಲಿಲ್ಲ. ಅವಳಿಗೆ ಸಕ್ಕರೆ ಕಾಯಿಲೆ. ಮೂರು ತಿಂಗಳ ಸರಾಸರಿ ತೋರಿಸುವ ರಕ್ತ ಪರೀಕ್ಷೆಯಲ್ಲಿ 9.1 ಇತ್ತು. ಅದು ಇಳಿಯುವವರೆಗೆ ಸ್ಕ್ರೂ ಹಾಕಲ್ಲ ಅಂದರು, ಗಾಯ ಬೇಗ ಮಾಯುವುದಿಲ್ಲ, ಮೂಳೆ ಸರಿಯಾಗಿ ಹಿಡಿಯುವುದಿಲ್ಲ ಅಂತ. ರಾತ್ರಿ ಅನ್ನ ಬಿಟ್ಟಳು, ಬೆಳಿಗ್ಗೆ ಮಠದವರೆಗೆ ನಡೆದಳು, 7.2ಕ್ಕೆ ತಂದಳು. ಹಲ್ಲು ಕಿತ್ತ ಗುಳಿ ತುಂಬೋಕೆ ಮೂರು ತಿಂಗಳು, ಸ್ಕ್ರೂ ಹಾಕಿದ ಮೇಲೆ ಮೂಳೆ ಹಿಡಿಯೋಕೆ ನಾಲ್ಕು ತಿಂಗಳು, ಆಮೇಲೆ ಮೇಲಿನ ಹಲ್ಲು. ಎಲ್ಲರಿಗೂ ಇಷ್ಟು ದಿನ ಬೇಕಾಗುವುದಿಲ್ಲ. ಕೆಲವರಿಗೆ ಅದೇ ದಿನವೂ ಹಾಕುತ್ತಾರೆ. ಆದರೆ ಯಾರಿಗೆ ಆಗುತ್ತೆ, ಯಾರಿಗೆ ಆಗಲ್ಲ ಅನ್ನುವುದನ್ನು ಬಾಯಿ ನೋಡಿ ಹೇಳಬೇಕು, ಪಂಚಾಂಗ ನೋಡಿ ಅಲ್ಲ. ಖರ್ಚು 32,000. ನಾನು ಉಳಿಸಿದ 2,500 ರೂಪಾಯಿಯ ಬಡ್ಡಿ ಅದು. ಇದು ಅವಳ ಮಾತಲ್ಲ, ನನ್ನದೇ ಲೆಕ್ಕ.

ಈಗ ಚೆನ್ನಾಗಿ ಅಗಿಯುತ್ತಾಳೆ. ಒಂದು ವ್ಯತ್ಯಾಸ ಮಾತ್ರ ಹೇಳುತ್ತಾಳೆ. ಅನ್ನದಲ್ಲಿ ಸಣ್ಣ ಕಲ್ಲು ಬಂದರೆ ಬೇರೆ ಹಲ್ಲಿಗೆ ಮುಟ್ಟಿದ ತಕ್ಷಣ ಗೊತ್ತಾಗುತ್ತದೆ, ಈ ಹಲ್ಲಿಗೆ ಜೋರಾಗಿ ಕಡಿದ ಮೇಲೆ ಗೊತ್ತಾಗುತ್ತದೆ. ನಾನು ಡಾಕ್ಟರಮ್ಮನನ್ನು ಕೇಳಿದೆ. ಹುಟ್ಟಿದ ಹಲ್ಲು ಮೂಳೆಗೆ ನೇರವಾಗಿ ಅಂಟಿರುವುದಿಲ್ಲವಂತೆ. ಮಧ್ಯೆ ಕೂದಲಿಗಿಂತ ಸಣ್ಣ ನಾರುಗಳ ಒಂದು ಪದರ, ಅದರಲ್ಲಿ ನರ. ಹಲ್ಲು ಆ ನಾರಿನಲ್ಲಿ ತೂಗುಹಾಕಿದ ಹಾಗೆ ಇರುತ್ತದೆ. ಇಂಪ್ಲಾಂಟಿಗೆ ಆ ಪದರ ಇಲ್ಲ. ನನಗೆ ಥಟ್ಟನೆ ಅರ್ಥವಾಯಿತು. ನಮ್ಮ ಬಸ್ಸಿನ ಸ್ಪ್ರಿಂಗ್ ಪಟ್ಟಿ ತೆಗೆದು ಬಾಡಿಯನ್ನು ನೇರವಾಗಿ ಆಕ್ಸಲ್ ಮೇಲೆ ಕೂರಿಸಿದರೆ ಬಸ್ಸು ಓಡುತ್ತೆ, ಗುಂಡಿ ಬಂದದ್ದು ಮಾತ್ರ ಸೊಂಟಕ್ಕೇ ಗೊತ್ತಾಗುತ್ತೆ. ರೂಟ್ ಕೆನಾಲ್ ಮಾಡಿದ ಹಲ್ಲಿನ ಒಳಗಿನ ನರ ಹೋದರೂ ಹೊರಗಿನ ಈ ನಾರು ಹಾಗೇ ಇರುತ್ತದೆ. ಅದಕ್ಕೇ ಕಲ್ಲು ಸಿಕ್ಕಿದರೆ ನನ್ನ ರಿಪೇರಿ ಹಲ್ಲಿಗೆ ಇವತ್ತಿಗೂ ಗೊತ್ತಾಗುತ್ತದೆ.

ಇಂಪ್ಲಾಂಟಿಗೆ ಹುಳುಕು ಹಿಡಿಯುವುದಿಲ್ಲ, ನಿಜ. ಅದಕ್ಕೇ ಕೆಲವರು ಹಾಕಿಸಿಕೊಂಡು ಮರೆತುಬಿಡಬಹುದು ಅಂದುಕೊಳ್ಳುತ್ತಾರೆ. ಸುತ್ತಲಿನ ವಸಡು ಊದಿಕೊಂಡು ಮೂಳೆ ಕರಗಬಹುದು. ಬೀಡಿ ಸಿಗರೇಟು ಸೇದುವವರಿಗೆ, ಸಕ್ಕರೆ ಹಿಡಿತದಲ್ಲಿ ಇಲ್ಲದವರಿಗೆ ಅಪಾಯ ಜಾಸ್ತಿ. ಮನೆಯವಳು ದಿನಾ ರಾತ್ರಿ ಸಣ್ಣ ಬಾಟಲಿ ಬ್ರಷ್ಷಿನಂಥದ್ದು ಹಾಕಿ ಅದರ ಸುತ್ತ ತಿಕ್ಕುತ್ತಾಳೆ. ಮುದ್ದೆ ನುಂಗುವ ಜನ ನಾವು, ಹಲ್ಲಿಗೆ ಏನು ಕೆಲಸ ಅಂತ ತಮಾಷೆ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ.

ಪಾವಗಡದ ಮಾತು ಒಂದಿದೆ. ಆ ಲೈನಿನಲ್ಲಿ ವರ್ಷಗಟ್ಟಲೆ ತಿರುಗಿದವನಿಗೆ ಅಲ್ಲಿನ ಜನರ ಹಲ್ಲು ಗೊತ್ತು. ಟಿಕೆಟ್ ಕೇಳಿದಾಗ ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ. ಕೊಳವೆ ಬಾವಿ ನೀರಿನ ಫ್ಲೋರೈಡ್ ಮಾಡಿದ ಕೆಲಸ ಅದು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅನ್ನುತ್ತಾರೆ. ಪಾವಗಡವೊಂದೇ ಅಲ್ಲ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯೂ ಇದೇ ಗೋಳು. ನನ್ನ ಜೊತೆ ಡ್ರೈವರ್ ಆಗಿದ್ದ ಒಬ್ಬರು ಅಲ್ಲಿಯವರು. ಒಂದು ಉಚಿತ ಶಿಬಿರದಲ್ಲಿ ಅವರ ಮುಂದಿನ ನಾಲ್ಕು ಹಲ್ಲು ನೋಡಿ, "ಇವೆಲ್ಲ ಹಾಳಾಗಿವೆ, ತೆಗೆದು ಹೊಸದು ಹಾಕೋಣ" ಅಂದರಂತೆ. ಅವರು ನನಗೆ ಫೋನ್ ಮಾಡಿದರು, ನಾನೀಗ ಹಲ್ಲಿನ ವಿಷಯದಲ್ಲಿ ಅರ್ಧ ಡಾಕ್ಟರು ಅಂತ ಎಲ್ಲರಿಗೂ ಗೊತ್ತಲ್ಲ. ಡಾಕ್ಟರಮ್ಮನಿಗೆ ತೋರಿಸಿದೆವು. ಕಲೆ ಇರುವುದು ಮೇಲಿನ ಪದರದಲ್ಲಿ, ಬೇರು ಬಂಡೆ ಹಾಗಿದೆ ಅಂದರು. ಮೇಲೆ ಸ್ವಲ್ಪ ತಿಕ್ಕಿ, ಹಲ್ಲಿನ ಬಣ್ಣದ್ದೇ ಫಿಲ್ಲಿಂಗ್ ಲೇಪಿಸಿ ಕಳಿಸಿದರು. ಕಲೆಗೆ ಹೆದರಿ ನಾಲ್ಕು ಗಟ್ಟಿ ಹಲ್ಲು ಕಿತ್ತಿದ್ದರೆ ಅದನ್ನು ಏನಂತ ಕರೆಯಬೇಕು?

ನನ್ನ ತಂಗಿಯ ಮಗ ವಕೀಲ. ಅವನು ಒಂದು ವಿಷಯ ಹೇಳಿದ. 2008ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ, ರೋಗಿಯ ಒಪ್ಪಿಗೆ ತೆಗೆದುಕೊಳ್ಳುವಾಗ ಚಿಕಿತ್ಸೆ ಏನು ಅಂತ ಮಾತ್ರ ಅಲ್ಲ, ಅದಕ್ಕೆ ಬದಲಿ ದಾರಿ ಇದ್ದರೆ ಅದನ್ನೂ ಹೇಳಬೇಕು ಅಂದಿದೆ. ನಮ್ಮ ರಾಜ್ಯದಲ್ಲಿ ಖಾಸಗಿ ಕ್ಲಿನಿಕ್ಕುಗಳಿಗೆ 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ ಇದೆ, ನೋಂದಣಿ ಆಗಬೇಕು, ದರಪಟ್ಟಿ ಹಾಕಬೇಕು. ಕಾನೂನು ಇದೆ. ಮೀನಿನ ತೊಟ್ಟಿ ಪಕ್ಕದಲ್ಲಿ ನನಗಂತೂ ಯಾವ ಪಟ್ಟಿಯೂ ಕಾಣಲಿಲ್ಲ.

ನಾನು ಕೇಳುವುದು ಜಾಸ್ತಿ ಏನಲ್ಲ. ಹಲ್ಲು ಕೀಳುವ ಮುಂಚೆ ಒಂದು ಚೀಟಿ. ಯಾಕೆ ಕೀಳುತ್ತೇವೆ, ಉಳಿಸುವ ದಾರಿ ಇದೆಯೋ ಇಲ್ಲವೋ, ಎರಡಕ್ಕೂ ಎಷ್ಟು ಖರ್ಚು. ಜೊತೆಗೆ ಎಕ್ಸ್-ರೇ ಕೈಗೆ ಕೊಡಲಿ ಅಥವಾ ವಾಟ್ಸ್ಆಪ್ ಮಾಡಲಿ. ಜಿಲ್ಲಾ ಆರೋಗ್ಯಾಧಿಕಾರಿಗಳು ಇದನ್ನು ಒಂದು ಸುತ್ತೋಲೆಯಲ್ಲಿ ಹೇಳಿದರೆ ಸಾಕು. ಬಡ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ ಕೊಡುವ ದಂತ ಭಾಗ್ಯ ಯೋಜನೆ ನಮ್ಮಲ್ಲಿ ಬಂದಿದೆ, ಒಳ್ಳೆಯದು. ಹಲ್ಲು ಹೋಗುವ ಮುಂಚೆಯೇ ತಾಲೂಕು ಆಸ್ಪತ್ರೆಯಲ್ಲಿ ರೂಟ್ ಕೆನಾಲ್, ಕ್ಯಾಪು ಎರಡೂ ಸಿಕ್ಕರೆ ಸೆಟ್ ಬೇಕಾಗುವವರೇ ಕಡಿಮೆಯಾಗುತ್ತಾರೆ. ಕ್ಯಾಪು ಅನ್ನುವುದನ್ನು ದಯವಿಟ್ಟು ಅಡಿಗೆರೆ ಹಾಕಿ ಅಚ್ಚು ಮಾಡಿ. ದುಡ್ಡಿಲ್ಲದವರು ಡೆಂಟಲ್ ಕಾಲೇಜಿಗೆ ಹೋಗಬಹುದು. ತುಮಕೂರಿನ ಅಗಳಕೋಟೆಯಲ್ಲೇ ಒಂದಿದೆ. ಕಾಲೇಜುಗಳಲ್ಲಿ ಪ್ರೊಫೆಸರ್ ಕಣ್ಣೆದುರು ವಿದ್ಯಾರ್ಥಿಗಳು ಮಾಡುತ್ತಾರೆ, ಹೊತ್ತು ಜಾಸ್ತಿ ಹಿಡಿಯುತ್ತದೆ, ಹೊರಗಿಗಿಂತ ದುಡ್ಡು ಕಡಿಮೆ ಆಗುತ್ತದೆ.

ನಿಮಗೂ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಜಾಹೀರಾತು ಇಲ್ಲದೆ ಪೇಪರ್ ನಡೆಯಲ್ಲ, ಗೊತ್ತು. ಆ ಅರ್ಧ ಪುಟ ಬಂದ ವಾರವೇ ಆರೋಗ್ಯ ಪುಟದಲ್ಲಿ ಕಾಲು ಪುಟ ಹಲ್ಲು ಉಳಿಸುವ ಬಗ್ಗೆ ತಜ್ಞರಿಂದ ಬರೆಸಬಹುದಲ್ವಾ?

ಪತ್ರದ ಜೊತೆ ನನ್ನ ಎರಡು ಎಕ್ಸ್-ರೇ ಇಟ್ಟಿದ್ದೇನೆ. ಒಂದು ಮೊಬೈಲ್ ಫೋಟೋದ ಪ್ರಿಂಟು, ಮುರಿದ ಹಲ್ಲಿನದು. ಇನ್ನೊಂದು ಕ್ಯಾಪು ಹಾಕಿದ ಮೇಲಿನದು, ನಾಲ್ಕು ಬಿಳಿ ಗೆರೆ ಬೇರಿನ ತುದಿವರೆಗೆ ಇಳಿದದ್ದು ಚೆನ್ನಾಗಿ ಕಾಣುತ್ತದೆ. ಹಾಕುವ ಹಾಗಿದ್ದರೆ ಹಾಕಿ. ಆದರೆ ಎರಡನೆಯದನ್ನು ವಾಪಸ್ ಕಳಿಸಿ, ಸ್ಟ್ಯಾಂಪ್ ಹಚ್ಚಿದ ಕವರ್ ಒಳಗಿದೆ. ಮುಂದಿನ ತಿಂಗಳು ತೋರಿಸೋಕೆ ಹೋಗುವಾಗ ಹಳೇದು ತನ್ನಿ ಅಂದಿದ್ದಾರೆ ಡಾಕ್ಟರಮ್ಮ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಬಸ್ ನಿರ್ವಾಹಕ,
ಕ್ಯಾತ್ಸಂದ್ರ, ತುಮಕೂರು